ಒದ್ದೆ ಮಾಡದ ಕೆರೆ

ನಮ್ಮೂರಿನ ಕೆರೆಯ ನೀರು ಯಾರನ್ನೂ ಒದ್ದೆ ಮಾಡುವುದಿಲ್ಲ. ಕೈ ಅದ್ದಿ ತೆಗೆದರೆ ಅದ್ದುವ ಮೊದಲು ಹೇಗಿತ್ತೋ ಹಾಗೆಯೇ ಇರುತ್ತದೆ. ಅದಕ್ಕೇ ನಮ್ಮಲ್ಲಿ ಬಟ್ಟೆ ಒಗೆಯುವುದು, ಪಾತ್ರೆ ಬೆಳಗುವುದು, ಎಮ್ಮೆಯ ಮೈ ತಿಕ್ಕುವುದು ಎಲ್ಲವೂ ಬಾವಿಕಟ್ಟೆಯ ಮೇಲೆ. ಕೆರೆ ಇರುವುದು ಮೀನಿಗೆ ಮತ್ತು ದೋಣಿಗೆ. ಮೀನು ಹಿಡಿಯುವವರು ಬಲೆಯನ್ನು ಒಣಹಾಕದೆ ಹಾಗೇ ಸುತ್ತಿ ಹೆಗಲಿಗೇರಿಸಿಕೊಂಡು ಮನೆಗೆ ಹೋಗುತ್ತಾರೆ. ದೋಣಿ ನಡೆಸುವವರು ಮಾತ್ರ ಆಗಾಗ ಕಾಲ ಕೆಳಗೆ ನೋಡಿಕೊಳ್ಳುವ ಅಭ್ಯಾಸ ಇಟ್ಟುಕೊಳ್ಳಬೇಕು. ದೋಣಿಯೊಳಗೆ ನೀರು ನುಗ್ಗಿದರೆ ಅದು ಪಾದಕ್ಕೆ ತಿಳಿಯುವುದಿಲ್ಲ, ಕಣ್ಣೇ ಕಂಡು ಹೇಳಬೇಕು. ಆದ್ದರಿಂದ ದೋಣಿ ಹತ್ತಿದವರಿಗೆ ನಾವು ಹುಷಾರು ಎನ್ನುವುದಿಲ್ಲ, ‘ಕೆಳಗೆ ನೋಡ್ಕೊಂಡು ಹೋಗಿ’ ಎನ್ನುತ್ತೇವೆ.

ಇಂಥ ಕೆರೆಯಿಂದ ಊರಿಗೆ ಆಗಿರುವ ದೊಡ್ಡ ಅನುಕೂಲವೆಂದರೆ ನೆಪ. ಬಿದ್ದವನಿಗೂ ಬೀಳದವನಿಗೂ ವ್ಯತ್ಯಾಸ ಕಾಣದ ಮೇಲೆ ಯಾರು ಬೇಕಾದರೂ ಬಿದ್ದೆ ಎನ್ನಬಹುದು. ಶಾಲೆಗೆ ತಡವಾಗಿ ಬರುವ ಮಕ್ಕಳು ಕೆರೆಗೆ ಬಿದ್ದಿರುತ್ತಾರೆ. ಮದುವೆಗೆ ಬಾರದ ನೆಂಟರು, ಕಚೇರಿಗೆ ಹೋಗದ ಗುಮಾಸ್ತರು, ಬೇರೆ ಕಡೆ ಊಟ ಮುಗಿಸಿಕೊಂಡು ಬಂದ ಗಂಡಂದಿರು, ಎಲ್ಲರೂ ಕೆರೆಗೆ ಬಿದ್ದವರೇ. ಕೇಳಿಸಿಕೊಂಡವರು ನಗುತ್ತಾರೆ, ಹೇಳಿದವರೂ ನಗುತ್ತಾರೆ. ಒಮ್ಮೆ ಗಾಣದ ಬೀದಿಯ ಮುದುಕರೊಬ್ಬರು ನಿಜವಾಗಿಯೂ ಮುಳುಗಿ ಸತ್ತರು. ಹೆಣ ಮೇಲೆತ್ತಿದಾಗ ಮಡಿಸಿದ ಶಲ್ಯ ಹೆಗಲ ಮೇಲೆ ಗರಿಗರಿಯಾಗಿಯೇ ಇತ್ತು. ಅವರು ಸತ್ತದ್ದು ಕೆರೆಯಲ್ಲೋ ಮನೆಯಲ್ಲೋ ಎಂದು ಜನ ತಿಥಿಯ ಊಟಕ್ಕೆ ಕೂತಾಗಲೂ ವಾದ ಮಾಡುತ್ತಿದ್ದರು.

ನನ್ನ ಗಂಡ ಹಾಲಪ್ಪನವರು ಹೊಲಿಗೆ ಮೆಷಿನ್ ರಿಪೇರಿ ಮಾಡುವವರು. ಆಚೆ ದಡದಲ್ಲಿ ದರ್ಜಿಗಳದೇ ಒಂದು ಬೀದಿಯಿದೆ. ಕೆಂಪು ಬಣ್ಣ ಹೊಡೆದ ತಗಡಿನ ಪೆಟ್ಟಿಗೆಯಲ್ಲಿ ಸ್ಪ್ಯಾನರು, ಎಣ್ಣೆಕುಪ್ಪಿ, ಬೆಲ್ಟು ತುಂಬಿಕೊಂಡು ನಮ್ಮದೇ ಪುಟ್ಟ ದೋಣಿಯಲ್ಲಿ ಒಬ್ಬರೇ ಹುಟ್ಟು ಹಾಕಿಕೊಂಡು ಹೋಗಿಬರುತ್ತಿದ್ದರು. ಕೆರೆಗೆ ಬೀಳುವುದರಲ್ಲಿ ಅವರೂ ಯಾರಿಗೇನೂ ಕಡಿಮೆಯಿರಲಿಲ್ಲ. ನಾಟಕದ ತಾಲೀಮು ನೋಡುತ್ತ ಕೂತು ತಡವಾದರೆ ಕೆರೆಗೆ ಬಿದ್ದೆ ಎಂದುಕೊಂಡೇ ಒಳಗೆ ಬರುತ್ತಿದ್ದರು. ಜೊತೆಗೆ ಕಥೆ ಬೇರೆ. ಒಂದು ಸಲ ಆಳೆತ್ತರದ ಬಾಳೆಮೀನು ಬೆನ್ನ ಮೇಲೆ ಕೂರಿಸಿಕೊಂಡು ದಡಕ್ಕೆ ಬಿಟ್ಟಿತ್ತು. ಇನ್ನೊಂದು ಸಲ ಕೆರೆಯ ತಳದಲ್ಲಿ ಯಾರೋ ಅವಲಕ್ಕಿ ಕೊಟ್ಟು ಉಪಚರಿಸಿದ್ದರು. ಸುಳ್ಳೆಂದು ಗೊತ್ತಿದ್ದೇ ನಾನು ನಗುತ್ತ ತಟ್ಟೆ ಇಡುತ್ತಿದ್ದೆ. ಹಾಗಂತ ನಾನು ಸುಲಭಕ್ಕೆ ಯಾವುದನ್ನೂ ನಂಬುವವಳಲ್ಲ. ತರಕಾರಿಯವನು ಇವತ್ತಿನ ಬದನೆಕಾಯಿ ಅಂದರೆ ತೊಟ್ಟು ಮುರಿದು ನೋಡುತ್ತೇನೆ. ಸ್ವಂತ ಅಣ್ಣ ಅಳೆದು ಕೊಟ್ಟ ಅಕ್ಕಿಯನ್ನೂ ಮನೆಗೆ ತಂದು ಅಳೆಯುವ ಪೈಕಿ.

ಆ ದಿನ ದೀಪ ಹಚ್ಚುವ ಹೊತ್ತಿಗೆ ಅವರು ಬಂದು ಹೊಸ್ತಿಲ ಮೇಲೆ ಕೂತರು. ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

“ಪೆಟ್ಟಿಗೆ ಎಲ್ರೀ?” ಎಂದೆ.

“ಕೆರೆಗೆ ಬಿದ್ದೆ.”

ನಾನು ನಕ್ಕೆ. ಮುಂದಿನ ಕಥೆಗಾಗಿ ಸೆರಗಲ್ಲಿ ಕೈ ಒರೆಸಿಕೊಂಡು ನಿಂತೆ. ಕಥೆ ಬರಲಿಲ್ಲ. ಎದ್ದು ಅಡುಗೆಮನೆಗೆ ಹೋದರು, ಕುಡಿಯುವ ನೀರಿನ ಕೊಡವನ್ನೇ ಬಗ್ಗಿಸಿಕೊಂಡು ಗಟಗಟ ಕುಡಿದರು. ಕೊಡ ಬರಿದಾಗುವವರೆಗೂ ನಿಲ್ಲಿಸಲಿಲ್ಲ. ನಾನು ಅವರ ಕಾಲರು ಮುಟ್ಟಿ ನೋಡಿದೆ, ತೋಳು ಮುಟ್ಟಿ ನೋಡಿದೆ. ಅವರ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದೆ. ಮೊದಲ ಗೀರಿಗೇ ಹತ್ತಿಕೊಂಡಿತು. ನಿಜವಾಗಿ ಬಿದ್ದಿದ್ದರೂ ಹತ್ತಿಕೊಳ್ಳುತ್ತಿತ್ತು ಎಂಬುದು ಗೊತ್ತಿದ್ದೂ ಆ ಕಡ್ಡಿಯನ್ನು ಅವರ ಮುಖದ ಮುಂದೆ ಹಿಡಿದೆ. ಅವರು ಅದನ್ನು ನೋಡಿದರು, ಏನೂ ಹೇಳದೆ ಹೋಗಿ ಮಲಗಿಬಿಟ್ಟರು.

ಸುಳ್ಳು ಹೇಳುವ ಗಂಡನ ಜೊತೆ ಬಾಳುವುದು ನನಗೆ ಅಭ್ಯಾಸವಾಗಿತ್ತು. ಬಾಯಿ ಬಿಡದ ಗಂಡ ಹೊಸಬ. ಚಪ್ಪಲಿ ಬಿಟ್ಟು ಬರುವುದು ಎಲ್ಲಿ? ಯಾರದೋ ಮನೆಯ ಒಳಗೆ ಹೋದಾಗ ತಾನೆ? ಕೊಡ ನೀರು ಕುಡಿಯುವಷ್ಟು ದಾಹ ಆಗುವುದು ಯಾವಾಗ? ಖಾರ ಉಪ್ಪಿನ ಗಡದ್ದು ಊಟ ಹೊಡೆದಾಗ. ನನ್ನ ಲೆಕ್ಕಾಚಾರ ಹೀಗೆ ಸಾಗುತ್ತಿದ್ದಾಗ ಪಕ್ಕದ ಮನೆಯ ಓಂಕಾರಮ್ಮ ಕರಿಬೇವು ಕೇಳಲು ಬಂದರು. ಅವರಿಗೆ ಊರಲ್ಲಿ ತಿಳಿಯದ್ದಿಲ್ಲ.

“ಅಲ್ಲ ದಾಕ್ಷಾಯಣಮ್ಮ, ಆ ದಡದ ಸುಲೋಚನಾಬಾಯಿ ಅಂತ ಇದಾರಲ್ಲ, ಟೈಲರು. ಗಂಡ ಇಲ್ಲ. ಅವರು ಮೆಷಿನ್ ತಗೊಂಡು ಇನ್ನೂ ವರ್ಷ ಆಗಿಲ್ಲ. ಹೊಸ ಮೆಷಿನ್ನಿಗೆ ವಾರವಾರ ಏನ್ರಿ ರಿಪೇರಿ?”

ರಾತ್ರಿ ಊಟಕ್ಕೆ ಬಡಿಸುತ್ತ ಅದನ್ನೇ ಕೇಳಿದೆ. “ಬೀದಿಯ ಮೆಷಿನ್ನೆಲ್ಲ ಅವರ ಜಗುಲಿಗೇ ತಂದಿಡ್ತಾರೆ, ನೆರಳಿದೆ ಅಂತ,” ಎಂದರು ತಟ್ಟೆಯಿಂದ ತಲೆ ಎತ್ತದೆ. ನೆರಳಂತೆ! ಮೊಸರು ಬಡಿಸದೆ ಎದ್ದು ಹೋದೆ.

ಆಮೇಲಿನ ದಿನಗಳಲ್ಲಿ ಅವರ ನಡವಳಿಕೆ ಒಂದೊಂದೂ ನನ್ನ ಅನುಮಾನಕ್ಕೆ ಎಣ್ಣೆ ಎರೆಯುತ್ತ ಹೋಯಿತು. ದೋಣಿಯನ್ನು ದಡಕ್ಕೆ ಎಳೆದು ಬೋರಲು ಹಾಕಿದರು. ಯಾರದೋ ಹಳೆಯ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು ಬೆಳಗಾಗುವ ಮುಂಚೆಯೇ ಎದ್ದು ಕೆರೆ ಸುತ್ತಿ ನಡೆದು ಹೋಗತೊಡಗಿದರು. ದೋಣಿಯಲ್ಲಿ ಹೋದರೆ ಒಂದು ಎಲೆಅಡಿಕೆ ಜಗಿಯುವಷ್ಟು ದೂರ, ನಡೆದರೆ ಹೋಗಿಬರುವುದರಲ್ಲೇ ಅರ್ಧ ದಿನ. ಕೈಗೆ ಸಿಗುವ ದಾರಿ ಬಿಟ್ಟು ಯಾರಾದರೂ ಸುತ್ತಿ ಹೋಗುತ್ತಾರೆಯೇ, ನಡುವೆ ನಿಲ್ಲುವ ಜಾಗ ಒಂದಿಲ್ಲದಿದ್ದರೆ? ಮಾತಿಲ್ಲ, ಹಾಡಿಲ್ಲ, ಸುಳ್ಳೂ ಇಲ್ಲ. ಏನು ಕೇಳಿದರೂ ಹೂಂ, ಉಹೂಂ. ಮನಸ್ಸು ಬೇರೆ ಕಡೆ ಇರುವ ಗಂಡಸು ಹೀಗೇ ಇರುತ್ತಾನೆಂದು ನಾನು ಕೇಳಿ ಬಲ್ಲೆ. ನನಗೆ ಅವರ ಮೇಲೆ ಎಷ್ಟು ಪ್ರೀತಿಯಿತ್ತೆಂದು ತಿಳಿದದ್ದೇ ಆಗ. ತಿಳಿದು ಇನ್ನಷ್ಟು ಸಿಟ್ಟು ಬಂತು.

ಮೇಲಿನ ಪೇಟೆಯಲ್ಲಿರುವ ನನ್ನಣ್ಣ ರೇವಣ್ಣನ ಹತ್ತಿರ ಹೋಗಿ ಎಲ್ಲ ಹೇಳಿಕೊಂಡೆ. ಅನುಮಾನದಲ್ಲಿ ಅವನು ನನ್ನ ಗುರು.

“ಅಳಬೇಡ. ಪೆಟ್ಟಿಗೆ ಹುಡುಕು,” ಎಂದ. “ತಗಡಿನ ಪೆಟ್ಟಿಗೆ ಕೆರೇಲಿ ಬಿದ್ದಿದ್ರೆ ಯಾರಿಗೂ ಸಿಗಲ್ಲ. ಆಯಮ್ಮನ ಮನೇಲಿ ಬಿಟ್ಟಿದ್ರೆ ಅಲ್ಲೇ ಇರುತ್ತೆ. ಹೋಗಿ ಕಣ್ಣಾರೆ ನೋಡು. ಅಲ್ಲಿ ಕಂಡ್ರೆ ಒಂದು ಮಾತೂ ಆಡಬೇಡ, ಸೀದಾ ನನ್ನ ಮನೆಗೇ ಬಂದ್ಬಿಡು. ಹಿಂದಿನ ಕೋಣೆ ಖಾಲಿ ಮಾಡಿಸಿರ್ತೀನಿ. ಆಮೇಲೆ ಅವನುಂಟು ಅವನ ಕೆರೆಯುಂಟು.”

ನಾಳೆಯೇ ಹೋಗುತ್ತೇನೆಂದು ಒಪ್ಪಿಕೊಂಡೆ. ಮನೆಗೆ ಬಂದು ನಾಲ್ಕು ಸೀರೆಯನ್ನು ಟ್ರಂಕಿಗೆ ಹಾಕಿ ಮಂಚದ ಕೆಳಗೆ ತಳ್ಳಿದೆ. ಆ ಪೆಟ್ಟಿಗೆ ಕಂಡರೆ ಈ ಸಂಸಾರ ಮುಗಿಯಿತು ಎಂದು ನಿಶ್ಚಯ ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ರೊಟ್ಟಿ ಕಟ್ಟಿಕೊಡುತ್ತ, “ನಾನೂ ಆ ದಡಕ್ಕೆ ಹೋಗಿ ರವಿಕೆ ಹೊಲಿಯೋಕೆ ಕೊಟ್ಟು ಬರೋಣ ಅಂತಿದೀನಿ,” ಎಂದೆ, ಮುಖ ಗಮನಿಸುತ್ತ. ಅವರ ಕೈಯಲ್ಲಿದ್ದ ರೊಟ್ಟಿಯ ಗಂಟು ಜಾರಿತು.

“ದೋಣಿ ಮುಟ್ಟಬೇಡ ದಾಕ್ಷಿ. ಅದು ಸರಿಯಿಲ್ಲ.”

“ಏನಾಗಿದೆ ಅದಕ್ಕೆ?”

“ಸರಿಯಿಲ್ಲ ಅಷ್ಟೆ. ರವಿಕೆ ನನ್ನ ಕೈಲಿ ಕೊಡು, ನಾನೇ ಕೊಡ್ತೀನಿ.”

“ಆಗ್ಲಿ ಬಿಡಿ, ಹೋಗಲ್ಲ,” ಎಂದೆ. ಓಹೋ, ನಾನು ಆ ದಡಕ್ಕೆ ಕಾಲಿಡಬಾರದು, ಅಲ್ಲವೇ! ಅವರು ಬೀದಿಯ ತಿರುವು ದಾಟಿದ್ದೇ ತಡ, ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಹೊರಟೆ. ಜಗಳಕ್ಕೆ ಹೋಗುವಾಗ ಹೆಂಗಸು ಚೆನ್ನಾಗಿ ಕಾಣಬೇಕು. ಅವರು ಕಾಲ್ನಡಿಗೆಯಲ್ಲಿ ಮುಟ್ಟುವ ಹೊತ್ತಿಗೆ ನಾನು ಸುಲೋಚನಾಬಾಯಿಯ ಜಗುಲಿಯ ಮೇಲೆ ಕೂತಿರಬೇಕು.

ದೋಣಿಯನ್ನು ಮಗುಚಿ, ಸುತ್ತ ಬಂದು ನೋಡಿದೆ. ಹಲಗೆಯೆಲ್ಲ ನೆಟ್ಟಗೇ ಇತ್ತು. ಬೇರೆ ಊರಲ್ಲಾದರೆ ಸೋರುವ ಸಂದಿನಲ್ಲಿ ತೇವದ ಗುರುತು ಇರುತ್ತದಂತೆ, ಪಾಚಿ ಕಟ್ಟುತ್ತದಂತೆ. ನಮ್ಮಲ್ಲಿ ಅದೆಲ್ಲ ಎಲ್ಲಿಂದ ಬರಬೇಕು? ಸರಿಯಿಲ್ಲವಂತೆ, ಹಸಿ ಸುಳ್ಳು ಎಂದುಕೊಂಡು ದೋಣಿಯನ್ನು ನೀರಿಗೆ ನೂಕಿ ಹತ್ತಿ ಕೂತೆ. ಕೆಳಗೆ ನೋಡ್ಕೊಂಡು ಹೋಗಿ ಎನ್ನಲು ದಡದಲ್ಲಿ ಯಾರೂ ಇರಲಿಲ್ಲ.

ನಾನು ಹುಟ್ಟಿ ಬೆಳೆದದ್ದೇ ಈ ಊರಲ್ಲಿ. ಆರೇಳು ಸಲ ಹುಟ್ಟು ಎಳೆದರೆ ಒಂದು ಸಲ ಕೆಳಗೆ ಬಗ್ಗಿ ನೋಡುವುದು ಕಣ್ಣು ಮಿಟುಕಿಸಿದಷ್ಟೇ ಸಹಜವಾಗಿ ಬರಬೇಕು. ಆ ದಿನ ಒಂದು ಸಲವೂ ನೋಡಲಿಲ್ಲ. ಕಣ್ಣೆಲ್ಲ ಆಚೆ ದಡದ ಮೇಲೆ. ಯಾವುದು ಆಕೆಯ ಮನೆ, ಯಾವುದು ಆ ನೆರಳಿನ ಜಗುಲಿ, ಬಾಗಿಲಲ್ಲಿ ಯಾರ ಚಪ್ಪಲಿ ಇರಬಹುದು, ಇದೇ ಧ್ಯಾನ. ನಡುಗೆರೆಗೆ ಬರುವಷ್ಟರಲ್ಲಿ ದೋಣಿ ಭಾರವಾಯಿತು. ಸಿಟ್ಟಿಗೆ ತೋಳು ಸೋತಿದೆ ಎಂದುಕೊಂಡು ಇನ್ನಷ್ಟು ಜೋರಾಗಿ ಎಳೆದೆ.

ಆಗ ಕಂಡಿತು. ದರ್ಜಿಗಳ ಬೀದಿಯ ಮೂಲೆಯ ಜಗುಲಿಯೊಂದರ ಮೇಲೆ ಕೆಂಪಗೆ, ಚೌಕವಾಗಿ ಏನೋ ಒಂದು. ಸರಿಯಾಗಿ ನೋಡೋಣವೆಂದು ಎದ್ದು ನಿಂತೆ.

ನಿಂತದ್ದೇ ತಪ್ಪಾಯಿತು. ಮೊಣಕಾಲ ಕೆಳಗಿನವರೆಗೂ ತುಂಬಿಕೊಂಡಿದ್ದ ನೀರು ಒಮ್ಮೆಲೇ ಒಂದು ಮಗ್ಗುಲಿಗೆ ನುಗ್ಗಿತು. ಅದನ್ನು ನಾನು ಕಂಡದ್ದು ಬೀಳುತ್ತಿರುವಾಗ. ಕಾಲಿನ ಸುತ್ತ ಅಷ್ಟು ನೀರಿದ್ದರೂ ಮನೆಯ ನೆಲದ ಮೇಲೆ ನಿಂತಂತೆಯೇ ಇತ್ತು. ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಬಾಯಿ ತೆರೆದದ್ದು ನೆನಪಿದೆ, ಏಕೆಂದರೆ ತೆರೆದ ಬಾಯಿಯೊಳಗೆ ಕೆರೆ ಬಂತು.

ಒಳಗೆ ಹೇಗಿರುತ್ತದೆಂದು ಊರಲ್ಲಿ ಎಲ್ಲರೂ ಬಣ್ಣಿಸುತ್ತಾರೆ, ಬಿದ್ದವರನ್ನು ಬಿಟ್ಟು. ತಣ್ಣಗಿರುವುದಿಲ್ಲ, ಬೆಚ್ಚಗೂ ಇರುವುದಿಲ್ಲ. ಗಂಟಲ ತುಂಬ ನೀರು, ಅದೇ ಗಂಟಲು ಒಣಗಿ ಸೀಳುತ್ತಿರುತ್ತದೆ. ನುಂಗಿದಷ್ಟೂ ದಾಹ ಹೆಚ್ಚುತ್ತದೆ. ಅಂಥ ದಾಹವನ್ನು ನಾನು ಯಾವ ಬೇಸಿಗೆಯಲ್ಲೂ ಕಂಡಿರಲಿಲ್ಲ. ಉಸಿರಿಗಾಗಿ ಒದ್ದಾಡಬೇಕೋ ಒಂದು ತೊಟ್ಟು ನೀರಿಗಾಗಿ ಒದ್ದಾಡಬೇಕೋ ತಿಳಿಯದೆ ಕೈಕಾಲು ಬಡಿದೆ. ಬದುಕಿದ್ದು ಸೀರೆಯಿಂದ. ನೆನೆಯದ ಸೀರೆ ಗಾಳಿ ತುಂಬಿಕೊಂಡು ಸೊಂಟದ ಸುತ್ತ ಉಬ್ಬಿ ನನ್ನನ್ನು ಮೇಲಕ್ಕೆತ್ತಿತು. ಮೇಲೆ ಬಂದಾಗ ಬೋರಲಾದ ದೋಣಿ ಕೈಗೆ ಎಟುಕಿತು. ಅದರ ಬೆನ್ನನ್ನು ತಬ್ಬಿಕೊಂಡು, ಕಣ್ಣು ಮುಚ್ಚಿಕೊಂಡು, ಹಾಲಪ್ಪನವರನ್ನು ಹೆಸರು ಹಿಡಿದು ಕೂಗಿದೆ. ಗಂಡನ ಹೆಸರು ಹೇಳಬಾರದೆಂಬ ನೇಮವೆಲ್ಲ ಅಲ್ಲಿ ನೆನಪಿಗೆ ಬರಲಿಲ್ಲ. ಕೂಗಿದಾಗಲೂ ಆ ಕೆಂಪು ವಸ್ತು ಜಗುಲಿಯ ಮೇಲೆಯೇ ಇದ್ದಿರಬೇಕು. ನಾನು ಆ ಕಡೆ ತಿರುಗಿ ನೋಡಲಿಲ್ಲ.

ಗಾಳಿ ದೋಣಿಯನ್ನು ನಮ್ಮ ದಡದ ಕಡೆಗೇ ತಳ್ಳಿತು. ಕೆನ್ನೆಯನ್ನು ಹಲಗೆಗೆ ಒತ್ತಿಕೊಂಡು ಬರುವಾಗ ಕಣ್ಣ ಮುಂದೆಯೇ ಒಂದು ಸಂದು ಕಾಣುತ್ತಿತ್ತು. ಹೊರಗಿನಿಂದ ಕೂದಲೆಳೆಯಷ್ಟಿತ್ತು. ಭಾರ ಬಿದ್ದಾಗಲೆಲ್ಲ ಅದು ತುಟಿ ಬಿಟ್ಟಂತೆ ಅಗಲವಾಗುತ್ತಿತ್ತು. ಸರಿಯಿಲ್ಲ ಅಷ್ಟೆ, ಎಂದಿದ್ದರು ಅವರು.

ಜೊಂಡಿನ ಹತ್ತಿರ ಕಾಲಿಗೆ ನೆಲ ಸಿಕ್ಕಿತು. ದೋಣಿಯನ್ನು ಅಲ್ಲೇ ಬಿಟ್ಟು, ಜೊಂಡು ಹಿಡಿದುಕೊಂಡು ದಡ ಹತ್ತಿ, ಎದುರಿಗಿದ್ದ ತೋಟದ ಬಾವಿಗೆ ಓಡಿದೆ. ಕೊಡ ಸೇದಿ ಅದಕ್ಕೇ ಬಾಯಿ ಹಚ್ಚಿ ಕುಡಿದೆ. ಎರಡನೆಯ ಸಲ ಸೇದಿ ಕುಡಿದೆ. ಹೊಟ್ಟೆ ಬಿರಿಯುವಷ್ಟು ನೋವಾದರೂ ಕೊಡ ಬಿಡಲಾಗಲಿಲ್ಲ. ಕುಡಿಯುತ್ತಿರುವಾಗಲೇ ಅಡುಗೆಮನೆಯಲ್ಲಿ ಕೊಡ ಎತ್ತಿ ನಿಂತಿದ್ದ ನನ್ನ ಗಂಡ ನೆನಪಾದರು. ಯಾರ ಮನೆಯ ಊಟ ಎಂದು ನಾನು ಲೆಕ್ಕ ಹಾಕುತ್ತಿದ್ದಾಗ ಆ ಮನುಷ್ಯ ಸಾವಿನ ಬಾಯಿಂದ ಎದ್ದು ಬಂದಿದ್ದರು. ನಾನು ಅವರ ಮುಖಕ್ಕೆ ಬೆಂಕಿಕಡ್ಡಿ ಹಿಡಿದಿದ್ದೆ. ಬಾವಿಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಅತ್ತೆ.

ಮನೆಗೆ ಬಂದಾಗ ಹೂ ಮುಡಿಯಲ್ಲೇ ಇತ್ತು. ಹಣೆಯ ಕುಂಕುಮ ಚೂರೂ ಅಳಿಸಿರಲಿಲ್ಲ. ಸೀರೆ ಈಗತಾನೆ ಇಸ್ತ್ರಿ ಮಾಡಿ ಉಟ್ಟಂತಿತ್ತು. ಜಗುಲಿಯ ಮೇಲೆ ರೇವಣ್ಣ ಆಗಲೇ ಬಂದು ಕೂತಿದ್ದ. ಗೋಡೆಯಾಚೆಯಿಂದ ಓಂಕಾರಮ್ಮನ ಕತ್ತು ಉದ್ದವಾಯಿತು.

“ಪೆಟ್ಟಿಗೆ ಸಿಕ್ತಾ?” ಎಂದ ಅಣ್ಣ.

“ಕೆರೆಗೆ ಬಿದ್ದೆ ಕಣಣ್ಣ.”

ಓಂಕಾರಮ್ಮ ಸೆರಗು ಬಾಯಿಗಿಟ್ಟುಕೊಂಡರು. “ಅಯ್ಯೋ, ನೀವೂ ಕಲಿತ್ರಾ ದಾಕ್ಷಾಯಣಮ್ಮ!”

ಅಣ್ಣ ನಗಲಿಲ್ಲ. ಎದ್ದು ಬಂದು ನನ್ನ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದ. ಮೂಗಿನ ಹತ್ತಿರ ತಂದು ಮೂಸಿಯೂ ನೋಡಿದ.

“ಪೆಟ್ಟಿಗೆ ಅಲ್ಲೇ ಇತ್ತು ಅಲ್ವಾ? ನೋಡಿದೀಯ, ಮರ್ಯಾದೆಗೆ ಅಂಜಿ ಮುಚ್ಚಿಡ್ತಾ ಇದೀಯ.”

“ಇಲ್ಲಣ್ಣ. ಅರ್ಧ ದಾರೀಲೇ ಮುಳುಗಿದೆ. ದೇವರಾಣೆ.”

“ಎಲ್ಲಿ ಬಿದ್ದೆ? ಹೇಗೆ ಬಿದ್ದೆ? ಒಬ್ಬಳೇ ಹೇಗೆ ಎದ್ದು ಬಂದೆ? ಹೇಳು ನೋಡೋಣ.”

ಹೇಳಲು ಬಾಯಿ ತೆರೆದೆ. ಆ ಒಣ ನೀರು ಮತ್ತೆ ಗಂಟಲಿಗೆ ಬಂದಂತಾಯಿತು. ಏನೂ ಹೇಳಲಾಗಲಿಲ್ಲ. ಹೇಳದೆ ಇದ್ದದ್ದು ಅವನಿಗೆ ಸಾಕ್ಷಿಯಾಯಿತು. “ನಾನು ಮೂರ್ಖ ಅಲ್ಲ ಕಣೇ,” ಎಂದು ಮತ್ತೆ ಜಗುಲಿಯ ಮೇಲೆ ಹೋಗಿ ಕೂತ. ನಾನು ಒಳಗೆ ಹೋಗಿ ಪಡಸಾಲೆಯ ಕಂಬಕ್ಕೊರಗಿದೆ.

ಬಿಸಿಲು ಇಳಿಯುತ್ತಿದ್ದಂತೆ ಹಾಲಪ್ಪನವರು ಓಡಿಕೊಂಡು ಬಂದರು. ಕೆರೆದಂಡೆಯಲ್ಲಿ ದೋಣಿಯ ಜಾಗ ಖಾಲಿಯಿದ್ದದ್ದನ್ನು ಕಂಡಿದ್ದರಂತೆ. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ, ನನ್ನನ್ನು ಕಾಲಿಂದ ತಲೆಯವರೆಗೂ ನೋಡಿದರು. ಹೂ, ಕುಂಕುಮ, ಒಳ್ಳೆಯ ಸೀರೆ. ಎಲ್ಲಿಗೆ ಹೊರಟಿದ್ದೆ, ಏನು ಹುಡುಕಲು ಹೋಗಿದ್ದೆ ಎಂಬುದು ಅರ್ಥವಾಗದಷ್ಟು ಅವರು ದಡ್ಡರಲ್ಲ.

“ಬಿದ್ದೆ,” ಎಂದೆ.

ಕೇಳಲಿ ಎಂದು ಕಾದೆ. ಎಲ್ಲಿ, ಹೇಗೆ, ಯಾಕೆ ಹೋದೆ, ಬೇಡ ಅಂದಿರಲಿಲ್ಲವೇ, ಏನು ಬೇಕಾದರೂ ಕೇಳಲಿ. ಅವರು ಒಂದನ್ನೂ ಕೇಳಲಿಲ್ಲ. ಗೂಟದಲ್ಲಿದ್ದ ಟವೆಲ್ಲು ತೆಗೆದುಕೊಂಡು ಬಂದು ನನ್ನ ಬೆನ್ನ ಹಿಂದೆ ಕೂತರು. ಹೂ ಬಿಡಿಸಿ ಪಕ್ಕಕ್ಕಿಟ್ಟರು, ಜಡೆ ಬಿಚ್ಚಿದರು, ಒಂದು ಹನಿಯೂ ಇಲ್ಲದ ನನ್ನ ತಲೆಯನ್ನು ಒರೆಸತೊಡಗಿದರು.

“ಒಣಗೇ ಇದೆ ಕಣ್ರೀ,” ಎಂದೆ.

“ಇರ್ಲಿ ಸುಮ್ನಿರು, ಶೀತ ಆಗುತ್ತೆ,” ಎಂದರು.

ಜಗುಲಿಯ ಮೇಲೆ ಅಣ್ಣ ನಕ್ಕದ್ದು ಕೇಳಿಸಿತು. “ಗಂಡ ಹೆಂಡ್ತಿ ಒಳ್ಳೆ ನಾಟಕ ಕಟ್ತಾರೆ,” ಎಂದು ಓಂಕಾರಮ್ಮನಿಗೆ ಹೇಳುತ್ತಿದ್ದ. ಹಾಲಪ್ಪನವರು ಆ ಕಡೆ ತಿರುಗಿಯೂ ನೋಡಲಿಲ್ಲ. ಕಿವಿಯ ಹಿಂದೆ, ಕತ್ತಿನ ಹತ್ತಿರ, ಕೂದಲ ಬುಡದವರೆಗೂ ನಿಧಾನವಾಗಿ ಒರೆಸುತ್ತ ಹೋದರು.

ಸುಲೋಚನಾಬಾಯಿಯ ಜಗುಲಿಯ ಮೇಲೆ ಕಂಡದ್ದು ಪೆಟ್ಟಿಗೆಯೋ, ಮಡಿಸಿಟ್ಟ ಕೆಂಪು ಬಟ್ಟೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೋಗಿ ನೋಡಲು ಯಾವ ಅಡ್ಡಿಯೂ ಇರಲಿಲ್ಲ, ನಡೆದು ಹೋಗಿಬರಲು ಅರ್ಧ ದಿನ ಸಾಕು. ಆದರೆ ಆ ಸಂಜೆ ನನಗೆ ಅವರಲ್ಲಿ ಕೇಳಬೇಕೆನಿಸಿದ್ದು ಒಂದೇ ಒಂದು ಪ್ರಶ್ನೆ.

“ಅವತ್ತು ನೀವು ಎಷ್ಟು ಹೊತ್ತು ನೀರಲ್ಲಿದ್ರಿ?”

ಒರೆಸುತ್ತಿದ್ದ ಕೈ ನಿಂತಿತು. ಆಮೇಲೆ ಅವರು ಮಗುವಿನ ಹಾಗೆ ಬಿಕ್ಕಿದರು.

ನಾನು ತಿರುಗಿ ಕೂತು ಟವೆಲ್ಲು ಕಿತ್ತುಕೊಂಡೆ. “ಬಗ್ಗಿ,” ಎಂದೆ. ಅವರು ಬಗ್ಗಿದರು. ವಾರಗಟ್ಟಲೆ ತಡವಾಗಿತ್ತು. ಆದರೂ ಅವರ ತಲೆಯನ್ನು ಮಡಿಲಿಗೆಳೆದುಕೊಂಡು ಗಟ್ಟಿಯಾಗಿ, ಚೆನ್ನಾಗಿ ಒರೆಸಿದೆ.